ಬಣ್ಣದ ಮೇಲೊಂದು ಕಾಣದ ಪದರ

ಬಣ್ಣ ಬಳಿದ ಮರ ಒಣಗಿದಂತೆ ಕಂಡ ಮಾತ್ರಕ್ಕೆ ಒಣಗಿರುವುದಿಲ್ಲ. ಎನಾಮೆಲ್ ಪೇಂಟ್ ಮಾರನೆಯ ದಿನವೇ ಬೆರಳಿಗೆ ಅಂಟದಿರಬಹುದು. ಆದರೆ ಗಾಳಿಯ ಆಮ್ಲಜನಕ ಹೀರಿ ಒಳಗಿನವರೆಗೂ ಗಟ್ಟಿಯಾಗಲು ಅದಕ್ಕೆ ವಾರಗಳೇ ಬೇಕು. ಹತ್ತನೇ ತರಗತಿಯ ಮಕ್ಕಳಿರುವ ಮನೆಯಲ್ಲಿ ಇಷ್ಟು ಪುರುಸೊತ್ತು ಯಾರಿಗಿದೆ ಹೇಳಿ!

ನಮ್ಮ ಮನೆಯ ಓದುವ ಮೇಜು ಅಪ್ಪ 1978ರಲ್ಲಿ ಮಾಡಿಸಿದ್ದು. ನಾನೂ ತಮ್ಮನೂ ಅದರ ಮೇಲೇ ಓದಿ ದಡ ಸೇರಿದೆವು. ಕಳೆದ ಬೇಸಿಗೆಯಲ್ಲಿ ಮಗಳು, "ಈ ಕಂದುಬಣ್ಣ ನೋಡಿದರೇ ನಿದ್ದೆ ಬರುತ್ತೆ" ಎಂದು ಷರಾ ಬರೆದಳು. ಸರಿ, ಬಿಳಿ ಬಣ್ಣವಾಯಿತು. ಹಳೆಯ ಬಣ್ಣವನ್ನು ಅಂಗಳದಲ್ಲಿಟ್ಟು ನೀರು ಹಾಕಿಯೇ ಉಜ್ಜಿಸಿದೆ. ಆ ಕಾಲದ ಪೇಂಟುಗಳಲ್ಲಿ ಸೀಸ ಇರುತ್ತಿತ್ತು. ಅದರ ಧೂಳು ಮಕ್ಕಳ ಮಿದುಳಿಗೆ ಕೇಡು. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಹಾಕುವ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ.

ಬಿಳಿಯ ಮೇಲೆ ಕೆಂಪು ಗೆರೆಗಳಲ್ಲಿ ಹಸೆ ಚಿತ್ತಾರ ಬರೆದದ್ದು ಮಗಳು, ಬರೆಸಿದ್ದು ನಮ್ಮಮ್ಮ. ಸಾಗರದ ಕಡೆಯ ಅವರ ತವರುಮನೆಯ ಗೋಡೆಯಲ್ಲಿದ್ದ ಚಿತ್ತಾರವದು. ಆ ಮನೆ ಈಗಿಲ್ಲ, ಫೋಟೋ ಕೂಡ ಇಲ್ಲ. ಕಣ್ಣಿಗೆ ಪೊರೆ ಬಂದಿರುವ ಅಮ್ಮ, ಒಣಗಿದ ಗೆರೆಯ ಉಬ್ಬನ್ನು ಬೆರಳಲ್ಲಿ ತಡವಿ ತಡವಿ, "ಇಲ್ಲಿ ಇನ್ನೊಂದು ಎಳೆ ಬರಬೇಕು" ಎನ್ನುತ್ತಿದ್ದರು. ಹತ್ತೊಂಬತ್ತು ದಿನ ಹಿಡಿಯಿತು.

ಅದರ ಮೇಲೆ ಕೈವಾರದ ಮೊನೆ, ಬಿಸಿ ಲೋಟ, ಸೋರುವ ಪೆನ್ನು! ರಕ್ಷಣೆಗೆ ಪಾರದರ್ಶಕ ಲೇಪ ಬೇಕೇ ಬೇಕು. ಚನ್ನಪಟ್ಟಣದ ಗೊಂಬೆಯವರಿಗೆ ಈ ಪಜೀತಿಯಿಲ್ಲ. ಅವರ ಅರಗಿನಲ್ಲೇ ಬಣ್ಣವೂ ಇದೆ, ಹೊಳಪೂ ಇದೆ. ತಿರುಗುವ ಮರಕ್ಕೆ ಒತ್ತಿದರೆ ಆ ಬಿಸಿಗೇ ಕರಗಿ ಕೂರುತ್ತದೆ.

ಅಂಗಡಿಯವನು ಎನ್‌ಸಿ ಲ್ಯಾಕರ್ ಡಬ್ಬಿ ಮುಂದಿಟ್ಟ. ಅರ್ಧ ಗಂಟೆಯಲ್ಲಿ ಒಣಗುತ್ತದಂತೆ. ನಮ್ಮ ಬೀದಿಯ ಪಾಲಿಶ್ ಮೇಸ್ತ್ರಿಗೆ ಅರವತ್ತು ದಾಟಿದೆ, ಯಾರ ಮಾತನ್ನೂ ನಂಬುವವರಲ್ಲ. ಅದೇ ಬಿಳಿ ಬಣ್ಣ ಬಳಿದಿದ್ದ ಡ್ರಾಯರಿನ ತಳಕ್ಕೆ ಒಂದು ಗೀರು ಹಚ್ಚಿ ಕೂತರು. ಐದು ನಿಮಿಷ ಕಳೆದಿತ್ತೋ ಇಲ್ಲವೋ, ಕಾಸಿದ ಹಾಲಿನ ಕೆನೆಯಂತೆ ಬಣ್ಣ ಸುಕ್ಕುಗಟ್ಟಿ ಎದ್ದಿತು. ಲ್ಯಾಕರಿನ ಥಿನ್ನರ್ ಎಳೆಯ ಎನಾಮೆಲ್‌ನೊಳಗೆ ಇಳಿದು ಅದನ್ನು ಉಬ್ಬಿಸಿಬಿಡುತ್ತದೆ. ಮಗಳು ಮಾತಾಡಲಿಲ್ಲ. ಎದ್ದುಹೋಗಿ ಮೇಜಿನ ಮೇಲೊಂದು ಹಳೆಯ ಸೀರೆ ಹೊದಿಸಿ ಬಂದಳು.

ಎಣ್ಣೆ ಆಧಾರದ ವಾರ್ನಿಶ್ ಗಟ್ಟಿಯೇನೋ ಹೌದು, ಆದರೆ ವರ್ಷ ಕಳೆದಂತೆ ಬಿಳಿಗೆ ಕಾಮಾಲೆ ಬರಿಸುತ್ತದೆ. ಕೊನೆಗೆ ನಿಂತದ್ದು ನೀರಿನ ಆಧಾರದ ಪಾಲಿಯುರೆಥೇನ್. ಡಬ್ಬಿಯಲ್ಲಿ ಮಜ್ಜಿಗೆಯ ಹಾಗೆ ಕಾಣುತ್ತದೆ, ಒಣಗಿದರೆ ಗಾಜು. ಬೆಲೆ ಹೆಚ್ಚು. ಅದನ್ನೂ ತಳದಲ್ಲೇ ಮೊದಲು ಪರೀಕ್ಷಿಸಿ, ಸುಮ್ಮನಿದ್ದದ್ದು ಕಂಡ ಮೇಲೂ, "ಮೂರು ವಾರ ಬಿಟ್ಟು ಬರ್ತೀನಿ" ಎಂದು ಮೇಸ್ತ್ರಿ ಹೊರಟೇಹೋದರು. ಜೂನ್ ಬಂತು, ಶಾಲೆ ಶುರುವಾಯಿತು, ಮಗಳು ಅಡುಗೆಮನೆಯ ನೆಲದಲ್ಲಿ ಕೂತು ಬೀಜಗಣಿತ ಬಿಡಿಸಿದಳು.

ಮಳೆ ಹೊಳವಾದ ಒಂದು ದಿನ ಕೆಲಸ ನಡೆಯಿತು. ತೇವ ಹೆಚ್ಚಿದ್ದರೆ ನೀರಿನ ಲೇಪ ಒಣಗಲು ಸತಾಯಿಸುತ್ತದೆ. ನುಣುಪು ಎನಾಮೆಲ್‌ಗೆ ಲೇಪ ಕಚ್ಚಿಕೊಳ್ಳಲು 320 ನಂಬರಿನ, ಅದೂ ಸವೆದ ಉಜ್ಜುಕಾಗದದಿಂದ ತುಸುವೇ ತೀಡಬೇಕು. ಕೆಂಪು ಗೆರೆಗಳ ಮೇಲೆ ಮೇಸ್ತ್ರಿಯ ಬೆರಳು ಬಂದಾಗಲೆಲ್ಲ ಮಗಳು ಉಸಿರು ಬಿಗಿಹಿಡಿಯುತ್ತಿದ್ದಳು. ಡಬ್ಬಿಯನ್ನು ಕುಲುಕಲಿಲ್ಲ, ಗುಳ್ಳೆ ಏಳುತ್ತದೆಂದು ಕಡ್ಡಿಯಲ್ಲಿ ಮೆಲ್ಲಗೆ ಕಲಕಿದರು. ತೆಳುವಾಗಿ ಮೂರು ಕೋಟು. ಹೊಳಪಿಲ್ಲದ ಮ್ಯಾಟ್ ಆರಿಸಿದ್ದು ನಾನು. ಟ್ಯೂಬ್‌ಲೈಟ್ ಮೇಜಿನಿಂದ ಪುಟಿದು ಓದುವವರ ಕಣ್ಣಿಗೆ ಚುಚ್ಚಬಾರದಲ್ಲ.

ಚಿತ್ತಾರ ಉಳಿಯಿತು. ಅಮ್ಮ ಬಂದು ಎಂದಿನಂತೆ ಅಂಗೈ ಆಡಿಸಿದರು. "ಗೆರೆ ಕೈಗೆ ಸಿಗ್ತಾ ಇಲ್ವಲ್ಲೇ" ಎಂದರು. ಮೂರು ಪದರದ ಕೆಳಗೆ ಉಬ್ಬುಗಳೆಲ್ಲ ನುಣ್ಣಗಾಗಿದ್ದವು. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ, ಮೇಸ್ತ್ರಿಯೂ. ಅಂದು ಸಂಜೆ ಮಗಳು ಗ್ರಾಫ್ ಹಾಳೆ ತಂದು ಎಳೆ ಎಣಿಸಿ ನಕಲು ತೆಗೆಯತೊಡಗಿದಳು, ಮೇಜಿನ ಪಕ್ಕ ನಿಂತುಕೊಂಡೇ. ಲೇಪ ಪೂರ್ತಿ ಬಲಿಯುವ ತನಕ ಅದರ ಮೇಲೆ ಪುಸ್ತಕವನ್ನಾಗಲಿ ಮೊಣಕೈಯನ್ನಾಗಲಿ ಊರಬಾರದೆಂದು ಮೇಸ್ತ್ರಿ ಎರಡು ವಾರದ ಅಪ್ಪಣೆ ಕೊಟ್ಟು ಹೋಗಿದ್ದರು.