ದೊಡ್ಡಪ್ಪನ ಎಕ್ಸ್‌ಪಿಗೆ ಬೇರೆ ಮನೆ

ಪಿರಿಯಾಪಟ್ಟಣದಲ್ಲಿ ನಮ್ಮ ದೊಡ್ಡಪ್ಪನದೊಂದು ಡಿಟಿಪಿ ಅಂಗಡಿ. ಹೊಗೆಸೊಪ್ಪಿನ ದುಡ್ಡು ಕೈಗೆ ಬಂದು ಮದುವೆಗಳು ಶುರುವಾದರೆ ಅಲ್ಲಿ ಕೂರೋಕೂ ಜಾಗ ಇರಲ್ಲ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು ಎಲ್ಲವೂ ಹುಟ್ಟೋದು ಒಂದೇ ಕಂಪ್ಯೂಟರಿನಲ್ಲಿ: ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7, ನುಡಿ. ಕಳೆದ ಯುಗಾದಿಗೆ ಹೋದಾಗ ಅದರ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿತ್ತು.

"ಹೊಸದು ತಗೊಳ್ಳಿ ದೊಡ್ಡಪ್ಪ, ನಾನೇ ಕೊಡಿಸ್ತೀನಿ" ಅಂದೆ.

"ಹೊಸದ್ರಲ್ಲಿ ನನ್ ಹಳೇ ಫೈಲು ತೆಗಿಯಕ್ಕಾಯ್ತದಾ? ಅದ್ ಹೇಳವ್ವ ಮೊದ್ಲು."

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೂ ಹೌದು ಅನ್ನೋಕೆ ಆಗಲಿಲ್ಲ. ಈಗ ನಾವು ಫೋನಲ್ಲಿ ಬರೆಯೋ ಕನ್ನಡ ಯುನಿಕೋಡ್. ಹಳೇ ನುಡಿ ಫಾಂಟಿನ ಕಥೆಯೇ ಬೇರೆ. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳು, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ 'ಶ್ರೀ' ಕೂಡ ಗೊಜ್ಜು. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ ನಿಜ, ಆದರೆ 2001ರ ಪೇಜ್‌ಮೇಕರಿಗೆ ಯುನಿಕೋಡೇ ಗೊತ್ತಿಲ್ಲ. ಅಂದರೆ ಪ್ರತಿ ಪತ್ರಿಕೆಯನ್ನೂ ಮೊದಲಿಂದ ಕಟ್ಟಬೇಕು. ಅರವತ್ತು ದಾಟಿದವರಿಗೆ ಇದನ್ನು ಹೇಳೋದು ಹೇಗೆ?

ಹಾಗಾಗಿ ಇಡೀ ಎಕ್ಸ್‌ಪಿಯನ್ನೇ ಎತ್ತಿಕೊಂಡು ಹೋಗೋಣ ಅಂತ ತೀರ್ಮಾನಿಸಿದೆ. ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಕಂಪ್ಯೂಟರ್ ಸಿಕ್ಕಿತು. ಅದೂ ಹಳೆಯದೇ, ಆದರೆ ಗಟ್ಟಿ. ಮೈಮೇಲೆ ಎಕ್ಸ್‌ಪಿಯ ಸ್ಟಿಕರ್ ಬೇರೆ ಇತ್ತು.

ಸಾಯುವ ಡಿಸ್ಕನ್ನು ನಂಬಬಾರದು. ಮೊದಲು ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಇಳಿಸಿದೆ. ಆಮೇಲೆ ಒಂದು ಮುಖ್ಯ ಕೆಲಸ. ಎಕ್ಸ್‌ಪಿ ತಾನಿರುವ ಬೋರ್ಡಿನ ಡಿಸ್ಕ್ ಕಂಟ್ರೋಲರನ್ನೇ ನೆಚ್ಚಿಕೊಂಡಿರುತ್ತದೆ. ಬೇರೆ ಬೋರ್ಡಿಗೆ ಒಯ್ದರೆ ಲೋಗೋ ತೋರಿಸಿ, ನೀಲಿ ಪರದೆ ಮೇಲೆ 0x7B ಅಂತ ಬರೆದು ನಿಂತುಬಿಡುತ್ತದೆ: ನಾನು ಹೊರಡಬೇಕಾದ ಡಿಸ್ಕ್ ಕಾಣ್ತಿಲ್ಲ ಅಂತ ಅರ್ಥ. ಅದಕ್ಕೆ ಹಳೇ ಯಂತ್ರದಲ್ಲೇ ಡಿವೈಸ್ ಮ್ಯಾನೇಜರಿಗೆ ಹೋಗಿ, ಕಂಪನಿಯ ಡ್ರೈವರ್ ಜಾಗದಲ್ಲಿ ಎಲ್ಲಕ್ಕೂ ಹೊಂದುವ ಸ್ಟ್ಯಾಂಡರ್ಡ್ ಐಡಿಇ ಡ್ರೈವರ್ ಕೂರಿಸಿ ಆರಿಸಿದೆ. ಹೊಸ ಜಾಗದ ಬಯಾಸ್‌ನಲ್ಲೂ ಎಎಚ್‌ಸಿಐ ತೆಗೆದು ಐಡಿಇ ಮಾಡಿದೆ. ನಂತರ ಎರಡೂ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಉಚಿತವಾಗಿ ಸಿಗುವ ಕ್ಲೋನ್‌ಜಿಲಾದಲ್ಲಿ 80 ಜಿಬಿಯಿಂದ 160 ಜಿಬಿಗೆ ನಕಲು. ಇಲ್ಲಿ ಯಾವುದು ಮೂಲ, ಯಾವುದು ನಕಲು ಅಂತ ಮೂರು ಸಲ ನೋಡಿ ಎಂಟರ್ ಒತ್ತಬೇಕು.

ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. ಎರಡು ಕಾಫಿ ಆಯಿತು, ಮಾತಿಲ್ಲ. ಹೆರಿಗೆ ವಾರ್ಡಿನ ಹೊರಗೆ ಕೂತವರ ಥರ.

ಎಕ್ಸ್‌ಪಿ ಎದ್ದಿತು. ಹೊಸ ಹಾರ್ಡ್‌ವೇರ್ ಕಂಡಿದೆ ಅಂತ ಒಂದಷ್ಟು ಗೊಣಗಿತು, ಆಕ್ಟಿವೇಶನ್ ಕೇಳಿತು. ಸ್ಟಿಕರಿನ ಕೀ ಕೊಟ್ಟೆ. ಇಂಟರ್‌ನೆಟ್ ವೈರನ್ನು ಮಾತ್ರ ಕಿತ್ತುಹಾಕಿದೆ. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್ 8ಕ್ಕೆ.

ದೊಡ್ಡಪ್ಪ ನುಡಿ ತೆರೆದು ಟೈಪ್ ಮಾಡಿದರು. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಅವರ ಬೆರಳಲ್ಲೇ ಇದೆ, ಕೆಳಗೆ ನೋಡೋದೇ ಇಲ್ಲ.

ಸಂಜೆ ಬೆಟ್ಟದಪುರದ ಕಡೆಯ ದಂಪತಿ ಬಂದರು. ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶದ ಕಾರ್ಡಿಗೆ 2009ರ ತಮ್ಮ ಮದುವೆ ಪತ್ರಿಕೆಯಲ್ಲಿದ್ದ ಬಳ್ಳಿ ಬಾರ್ಡರೇ ಬೇಕಂತೆ.

"ಅವತ್ತಿಂದು ಇಟ್ಟಿದ್ದೀರಾ ಅಣ್ಣ?"

ದೊಡ್ಡಪ್ಪ ನನ್ನ ಕಡೆ ಒಮ್ಮೆ ನೋಡಿ, ಮೌಸ್ ಹಿಡಿದರು. "ಕೂತ್ಕೊಳಿ, ತೆಗಿತೀನಿ."