ಅಮ್ಮನ ಸೀಟು

ಪುಣೆಯ ನಮ್ಮ ಮನೆಯಲ್ಲಿದ್ದದ್ದು ಬಜಾಜ್ ಚೇತಕ್. ಅದರ ಎಂಜಿನ್ ಬಲಗಡೆ. ಅಮ್ಮ ಸೀರೆಯುಟ್ಟು ಎಡಕ್ಕೆ ಕಾಲು ಇಳಿಬಿಟ್ಟು ಕೂತರೆ “ತಕ್ಕಡಿ ಸರಿಹೋಯಿತು” ಎನ್ನುತ್ತಿದ್ದರು ಅಪ್ಪ. 1996ರಲ್ಲಿ ಅವಳಿಗೆ ಸೊಂಟನೋವು ಶುರುವಾಗಿ, ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟಳು. ಅವಳು ಮನಸಾರೆ ಕನ್ನಡದಲ್ಲಿ ಹರಟುತ್ತಿದ್ದುದು ಅಲ್ಲಿ ಮಾತ್ರ.

ಮೆತ್ತನೆಯ ಸ್ಪಂಜು ಹಾಕಿಸಿ ಎಂದರು ಎಲ್ಲರೂ. ಸೀಟು ಹೊಲಿಯುವ ಮುದುಕರು ಮಾತ್ರ ಒಪ್ಪಲಿಲ್ಲ. ಮೆತ್ತನೆಯದು ಬೇಗ ಕುಸಿದು ತಳ ತಾಗುತ್ತದೆ, ಗಟ್ಟಿ ಫೋಮೇ ಬೇಕು ಎಂದರು. ನಿಜವೇ. ಆದರೆ ಸೀಟಿಗಿಂತ ಮೊದಲು ಚಕ್ರ ನೋಡಬೇಕು. ಚೇತಕ್‌ನದು 10 ಇಂಚಿನ ಪುಟ್ಟ ಚಕ್ರ. ದೊಡ್ಡ ಚಕ್ರ ಸಲೀಸಾಗಿ ದಾಟುವ ಗುಂಡಿಯಲ್ಲಿ ಅದು ಇಳಿದೇ ಏಳಬೇಕು. ಗಾಳಿ ಹೆಚ್ಚಾದರೆ ಪ್ರತಿ ಕಲ್ಲೂ ಬೆನ್ನಿಗೆ. ಕಮ್ಮಿಯಾದರೆ ಟೈರು ಹಾಳು. ಇಬ್ಬರು ಕೂತಾಗ ಎಷ್ಟಿರಬೇಕೆಂದು ಗಾಡಿಯ ಕೈಪಿಡಿಯಲ್ಲೇ ಇರುತ್ತದೆ. ಯುವಮಿತ್ರರೇ, ಓದುವವರು ಯಾರು!

ಎಣ್ಣೆ ಸೋರಿ ಸತ್ತಿದ್ದ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆವು. ಎಡಗಡೆ ಕಾಲೂರಲು ಅಗಲವಾದ ಪಟ್ಟಿ ಹಾಕಿಸಿದೆವು. ಕಾಲು ನೇತಾಡಿದರೆ ಭಾರವೆಲ್ಲ ಸೊಂಟಕ್ಕೇ.

ಆ ವರ್ಷದ ರಾಜ್ಯೋತ್ಸವಕ್ಕೆ ಅಮ್ಮ ಬಂದಳು. ದಾರಿಯುದ್ದಕ್ಕೂ ಅಪ್ಪನ ವೇಗದ ಬಗ್ಗೆ ಗೊಣಗಿದಳಂತೆ. ಸೊಂಟದ ಬಗ್ಗೆ ಒಂದು ಮಾತೂ ಇಲ್ಲ.