ಬ್ಯಾಟರಿ ಬೆಳಕಿನ ಮೀನು

ಮಿನ್ನೆಸೋಟ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘10,000 ಕೆರೆಗಳು’ ಎಂದು ಅಚ್ಚಾಗಿರುತ್ತದೆ. ಸರ್ಕಾರಗಳು ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಸಾಮಾನ್ಯವಾಗಿ ಒಂದಕ್ಕೆರಡು ಸೇರಿಸುತ್ತವೆ. ಇಲ್ಲಿ ಮಾತ್ರ ಕಡಿಮೆ ಹೇಳಿದ್ದಾರೆ. ಹತ್ತು ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದರೂ 11,842 ಆಗುತ್ತವೆ. ನಾನು ಹುಟ್ಟಿ ಬೆಳೆದದ್ದು ಸೊರಬದ ಕಡೆ, ಅದೂ ಕೆರೆಗಳ ಸೀಮೆಯೇ. ಆದರೆ ನಮ್ಮಲ್ಲಿ ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಅದಕ್ಕೊಂದು ಏರಿ, ತೂಬು, ಕೋಡಿ ಇರುತ್ತದೆ, ಕಟ್ಟಿಸಿದವರ ಕಥೆ ಇರುತ್ತದೆ. ಇಲ್ಲಿನವನ್ನು ಯಾರೂ ಕಟ್ಟಿಸಿಲ್ಲ. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಹಿಮನದಿಗಳು ಕರಗಿ ಹಿಂದೆ ಸರಿದಾಗ ನೆಲದಲ್ಲಿ ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು ಆದವು. ಏರಿಯೇ ಇಲ್ಲದ ನೀರನ್ನು ಕೆರೆ ಎನ್ನಲು ನನ್ನ ನಾಲಿಗೆಗೆ ಬಹಳ ದಿನ ಬೇಕಾಯಿತು.

ಏರಿಯ ಮಾತು ಯಾಕೆಂದರೆ, ನಾನು ಏರಿಯ ಮೇಲೆ ನಿಂತು ನೋಡಿದವಳು. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಕಡೆ ಕೆರೆಬೇಟೆ ಆಗುತ್ತದೆ. ಊರವರು ಕೂತು ಒಂದು ದಿನ ಗೊತ್ತು ಮಾಡುತ್ತಾರೆ, ಸುತ್ತಲ ಹಳ್ಳಿಗಳಿಗೆ ಸುದ್ದಿ ಹೋಗುತ್ತದೆ. ಅಂದು ನೂರಾರು ಜನ ಕೂಣಿ ಹಿಡಿದು ದಡದ ಸುತ್ತ ಕಾಯುತ್ತಾರೆ. ಸೂಚನೆ ಸಿಕ್ಕಿದ್ದೇ ಎಲ್ಲರೂ ಒಟ್ಟಿಗೆ ನೀರಿಗೆ ಬೀಳುತ್ತಾರೆ. ಎರಡೂ ಕಡೆ ಬಾಯಿರುವ ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿಂದ ಕೈ ಹಾಕಿ ತಡಕಿದರೆ ಒಳಗೆ ಮೀನು ಒದ್ದಾಡುತ್ತಿರುತ್ತದೆ. ಅಣ್ಣಂದಿರು ಇಳಿಯುತ್ತಿದ್ದರು. ನಾನು ಮೇಲೆ ನಿಂತು ಅವರ ಬಟ್ಟೆ ಕಾಯುತ್ತಿದ್ದೆ. ಗೊತ್ತು ಮಾಡಿದ ದಿನಕ್ಕೆ ಮುಂಚೆ ಕದ್ದು ಬಲೆ ಬಿಟ್ಟವನಿಗೆ ಊರಲ್ಲಿ ತಲೆ ಎತ್ತಿ ತಿರುಗುವುದು ಕಷ್ಟವಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಗಾಳದ ಕೋಲು ನನ್ನ ಕೈಗೆ ಬಂದದ್ದು ಮಿನಿಯಾಪೊಲಿಸ್‌ಗೆ ಬಂದ ಮೇಲೆ. ಕೊಟ್ಟವರು ನೆರೆಮನೆಯವರು, ನಿವೃತ್ತ ಬಡಗಿ. ನನ್ನ ಮಗಳು ಅವರನ್ನು ‘ಅಜ್ಜ’ ಎಂದು ಕನ್ನಡದಲ್ಲೇ ಕರೆಯುತ್ತಾಳೆ, ಅವರಿಗೂ ಅದು ರೂಢಿಯಾಗಿದೆ. ಇಲ್ಲಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ಹೋದರೆ ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಕೆರೆ. 1,32,000 ಎಕರೆ ನೀರು, ಎದುರು ದಡ ಕಾಣದಷ್ಟು ಅಗಲ. ಅತಿ ಆಳವಾದ ಕಡೆಯೂ 42 ಅಡಿ ಮಾತ್ರ. ಗಾಳಿ ಎದ್ದರೆ ಸಮುದ್ರದಂತೆ ಅಲೆ ಏಳುತ್ತದೆ. ಅಲ್ಲಿ ಅಜ್ಜನ ದೋಣಿಯಲ್ಲಿ ಕೂತು ಮೂರು ಮೀನುಗಳನ್ನು ಕಲಿತೆ. ‘ಹಿಡಿಯಲು ಕಲಿತೆ’ ಎನ್ನುವುದಕ್ಕಿಂತ ಇದೇ ಸರಿ. ಒಂದೊಂದು ಮೀನೂ ಒಂದೊಂದು ಪಾಠದ ಹಾಗೆ.

ಮೊದಲನೆಯದು ವಾಲೈ. 1965ರಿಂದ ಇದು ಮಿನ್ನೆಸೋಟದ ರಾಜ್ಯ ಮೀನು. ಮೇ ನಡುವಿನ ಒಂದು ಶನಿವಾರ ವಾಲೈ ಹಿಡಿಯುವ ಕಾಲ ಶುರುವಾಗುತ್ತದೆ. ಅಂದು ಗವರ್ನರ್ ಕೂಡ ದೋಣಿ ಹತ್ತುವ ಸಂಪ್ರದಾಯವಿದೆ. ವಾಲೈಯ ವಿಶೇಷವೆಲ್ಲ ಅದರ ಕಣ್ಣಿನಲ್ಲಿದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಎಸೆಯುವ ಒಂದು ಪದರವಿದೆ. ನಮ್ಮ ಬೆಕ್ಕು, ದನಗಳ ಕಣ್ಣು ಕತ್ತಲಲ್ಲಿ ಹೊಳೆಯುವುದೂ ಅಂಥದೇ ಪದರದಿಂದ. ಹಾಗಾಗಿ ಇದು ಮಬ್ಬಿನ ಮೀನು. ಬಿಸಿಲು ಇಳಿದ ಮೇಲೆ, ಮೋಡ ಕವಿದಾಗ, ಗಾಳಿಗೆ ನೀರಿನ ಮೈ ಒಡೆದು ಬೆಳಕು ಚೆದುರಿದಾಗ ಬೇಟೆಗೆ ಹೊರಡುತ್ತದೆ. ಸೀಸದ ಗುಂಡಿರುವ ಗಾಳಕ್ಕೆ ಜಿಗಣೆ ಚುಚ್ಚಿ ತಳದವರೆಗೆ ಇಳಿಸಿ, ಮೆಲ್ಲಗೆ ಎತ್ತಿ ಇಳಿಸುತ್ತಿರಬೇಕು. ಅದು ಗಬಕ್ಕನೆ ಕಚ್ಚುವುದಿಲ್ಲ. ದಾರ ಸ್ವಲ್ಪ ಭಾರವಾದಂತೆ ಬೆರಳಿಗೆ ಅನ್ನಿಸುತ್ತದೆ, ಅಷ್ಟೆ. ಈ ಜಿಗಣೆಗಳನ್ನು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ಊರಿಂದ ಬಂದಿದ್ದ ಅಪ್ಪಯ್ಯ ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. “ಉಂಬಳಕ್ಕೆ ದುಡ್ಡಾ ಮಾರಾಯ್ತಿ! ಮೊದ್ಲೇ ಹೇಳಿದ್ರೆ ನಮ್ಮ ತೋಟದಿಂದ ಒಂದು ಡಬ್ಬಿ ತುಂಬ ತರ್ತಿದ್ದೆ.”

ಎರಡನೆಯದು ಬಾಸ್, ಅದರಲ್ಲೂ ಸಣ್ಣ ಬಾಯಿಯ ಸ್ಮಾಲ್‌ಮೌತ್. ಗಾತ್ರಕ್ಕೆ ಮೀರಿದ ಜಗಳಗಂಟ. ಗಾಳ ತಾಗಿದ್ದೇ ನೀರಿನಿಂದ ಆಚೆಗೆ ಜಿಗಿದು ತಲೆ ಕೊಡವುತ್ತದೆ. ಇದರಲ್ಲಿ ಗೂಡು ಕಟ್ಟುವುದೂ ಕಾಯುವುದೂ ಗಂಡಿನ ಕೆಲಸ. ದಡದ ಹತ್ತಿರ ಬಾಲದಿಂದ ಕಲ್ಲುಮಣ್ಣು ಗುಡಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ರೆಕ್ಕೆ ಬೀಸುತ್ತಾ ಅಲ್ಲೇ ನಿಲ್ಲುತ್ತದೆ. ಮರಿಗಳು ಚೆದುರುವವರೆಗೂ ಹತ್ತಿರ ಬಂದವರ ಮೇಲೆಲ್ಲ ಏರಿಹೋಗುತ್ತದೆ. ಹಾಗಾಗಿ ಆಗ ಅದನ್ನು ಹಿಡಿಯುವುದು ಬಹಳ ಸುಲಭ. ಒಂದೆರಡು ನಿಮಿಷ ಅದನ್ನು ದೋಣಿಯಲ್ಲಿಟ್ಟುಕೊಂಡರೂ ಸಾಕು, ಚಿಕ್ಕ ಮೀನುಗಳು ನುಗ್ಗಿ ಮೊಟ್ಟೆ ತಿಂದುಬಿಡುತ್ತವೆ. ಗೂಡು ಕಂಡರೆ ಅಜ್ಜ ದೋಣಿ ತಿರುಗಿಸುತ್ತಾರೆ. ನಮ್ಮಲ್ಲೂ ಮರಿ ಮೇಯಿಸುತ್ತಿರುವ ಕೊರವ ಮೀನಿಗೆ ಗಾಳ ಹಾಕಬಾರದು ಎಂದು ಹಿರಿಯರು ಬೈಯುತ್ತಿದ್ದರು.

ಮೂರನೆಯದು ಮಸ್ಕಿ. ಪೂರ್ತಿ ಹೆಸರು ಮಸ್ಕಲಂಜ್, ಒಜಿಬ್ವೆ ಭಾಷೆಯ ‘ಮಾಶ್ಕಿನೂಜೆ’ ಫ್ರೆಂಚರ ಬಾಯಲ್ಲಿ ತಿರುಗಿ ಬಂದದ್ದು. ಮೊಸಳೆಯಂಥ ಮೂತಿ, ಬಾಯಿ ತುಂಬ ಹಲ್ಲು, ಮನುಷ್ಯನ ತೋಳಿಗಿಂತ ಉದ್ದ. ಸಾಮಾನ್ಯ ದಾರವನ್ನು ಕಡಿದು ಹಾಕುತ್ತದೆಂದು ತುದಿಗೆ ಲೋಹದ ತಂತಿ ಕಟ್ಟುತ್ತಾರೆ. ಇದಕ್ಕೆ ‘ಹತ್ತು ಸಾವಿರ ಎಸೆತಗಳ ಮೀನು’ ಎಂಬ ಹೆಸರಿದೆ. ಇಡೀ ದಿನ ಅಂಗೈ ಉದ್ದದ ಸುಳ್ಳು ಮೀನನ್ನು ಎಸೆದು ಎಳೆಯುತ್ತಿದ್ದರೆ, ಎಲ್ಲೋ ಒಮ್ಮೆ ಅದರ ಹಿಂದೆ ಕಂದು ನೆರಳೊಂದು ತೇಲಿ ಬರುತ್ತದೆ. ದೋಣಿಯವರೆಗೂ ಬಂದು, ನಮ್ಮನ್ನು ನೋಡಿ, ಆತುರವಿಲ್ಲದೆ ಮುಳುಗಿ ಹೋಗುತ್ತದೆ. ಅದಕ್ಕೇ ಪ್ರತಿ ಎಸೆತದ ಕೊನೆಗೆ ಕೋಲಿನ ತುದಿಯನ್ನು ನೀರಿಗಿಳಿಸಿ ಇಂಗ್ಲಿಷಿನ ಎಂಟರಂತೆ ಸುತ್ತಿಸಬೇಕು. ಕೆಲವು ಆ ತಿರುವಿನಲ್ಲಿ ಕಚ್ಚುತ್ತವೆ.

ನನಗೆ ಸಿಕ್ಕಿದ್ದು ನಾಲ್ಕನೆಯ ವರ್ಷ, ಅಕ್ಟೋಬರಿನ ಚಳಿಯಲ್ಲಿ, ಎಂಟರ ಎರಡನೆಯ ಸುತ್ತಿನಲ್ಲಿ. ಅಳೆದರೆ 46 ಇಂಚು. ಇಲ್ಲಿ 54 ಇಂಚಿಗಿಂತ ಕಡಿಮೆಯಿದ್ದರೆ ಇಟ್ಟುಕೊಳ್ಳುವಂತಿಲ್ಲ. ಇದ್ದರೂ ಮಸ್ಕಿ ಹಿಡಿಯುವವರಲ್ಲಿ ಬಹುಪಾಲು ಜನ ಬಿಟ್ಟೇಬಿಡುತ್ತಾರೆ, ಯಾಕೆಂದರೆ ಅಷ್ಟು ದೊಡ್ಡದಾಗಲು ಅದಕ್ಕೆ ಹತ್ತಾರು ವರ್ಷ ಬೇಕು. ಅಜ್ಜ ಬಾಲದ ಬುಡ ಹಿಡಿದು ಅದನ್ನು ನೀರಿನಲ್ಲೇ ನೆಟ್ಟಗೆ ನಿಲ್ಲಿಸಿಕೊಂಡರು. ಕಿವಿರು ನಾಲ್ಕಾರು ಸಲ ಆಡಿತು. ಮೀನು ತಾನೇ ಒದ್ದುಕೊಂಡು ಹೋಯಿತು. ಆ ಫೋಟೊ ಕಳಿಸಿದಾಗ ಫೋನಿನಲ್ಲಿ ಅಪ್ಪಯ್ಯ ಕೇಳಿದ್ದು ಒಂದೇ ಮಾತು: “ಬಿಡೋದಾದ್ರೆ ಹಿಡಿದಿದ್ದು ಎಂತಕ್ಕೆ?”

ಈ ಪ್ರಶ್ನೆಗೆ ಇಲ್ಲಿನವರ ಬಳಿ ಉತ್ತರಗಳಿವೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ಪಕ್ಕದ ಇನ್ನೊಂದು ಪ್ರಶ್ನೆ. ಅದು ಶುರುವಾದದ್ದು ವಾಲೈಯ ಕಣ್ಣಿನಿಂದ.

ಏಪ್ರಿಲ್‌ನಲ್ಲಿ ಮಂಜುಗಡ್ಡೆ ಒಡೆದ ಕೂಡಲೇ ವಾಲೈ ಮೊಟ್ಟೆಯಿಡಲು ರಾತ್ರಿ ದಡದ ಕಲ್ಲುಗಳ ಬಳಿ ಬರುತ್ತದೆ. ಆಗ ಬೆಳಕು ಬಿಟ್ಟರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಈ ಸೀಮೆಯ ಮೂಲನಿವಾಸಿಗಳಾದ ಒಜಿಬ್ವೆ ಜನ ಪಂಜಿನ ಬೆಳಕಿನಲ್ಲಿ ಈಟಿಯಿಂದ ಅದನ್ನು ಹಿಡಿಯುತ್ತಿದ್ದರು. ಪಕ್ಕದ ವಿಸ್ಕಾನ್ಸಿನ್‌ನ ಒಂದು ಊರಿಗೆ ಫ್ರೆಂಚರು ‘ಪಂಜುಗಳ ಕೆರೆ’ ಎಂಬರ್ಥದ ಹೆಸರಿಟ್ಟದ್ದು ಅದನ್ನು ನೋಡಿಯೇ: ಲ್ಯಾಕ್ ಡು ಫ್ಲಾಂಬೊ. ಇಂದಿಗೂ ಅವರು ಹಿಡಿಯುತ್ತಾರೆ, ಪಂಜಿನ ಬದಲು ಹಣೆಯ ದೀಪ ಬಂದಿದೆ. ಮಿಲ್ ಲ್ಯಾಕ್ಸ್‌ನಲ್ಲಿ ಬಲೆಯನ್ನೂ ಬಿಡುತ್ತಾರೆ. ನಮಗೆ ಗಾಳ ಹಾಕಲು ಮೇವರೆಗೆ ಅನುಮತಿಯಿಲ್ಲ. ಅಜ್ಜನಿಗೆ ಸಿಟ್ಟು ಇರುವುದು ಇಲ್ಲಿಯೇ. “ಮೊಟ್ಟೆ ಹೊತ್ತ ಮೀನನ್ನು ಬಲೆ ಹಾಕಿ ಬಾಚುತ್ತಾರೆ. ನಾನು ಒಂದಿಂಚು ಹೆಚ್ಚುಕಮ್ಮಿಯಾದರೆ ದಂಡ ಕಟ್ಟಬೇಕು. ಇದು ಯಾವ ನ್ಯಾಯ?” ಗೂಡು ಕಂಡರೆ ದೋಣಿ ತಿರುಗಿಸುವ ಮನುಷ್ಯ ಕೇಳುವ ಪ್ರಶ್ನೆಯಾದ್ದರಿಂದ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಉತ್ತರ ಇರುವುದು 1837ರಲ್ಲಿ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಈಗ ವಿಮಾನ ನಿಲ್ದಾಣವಿರುವ ಕಡೆ, ಎರಡು ನದಿಗಳು ಸೇರುವಲ್ಲಿ ಫೋರ್ಟ್ ಸ್ನೆಲ್ಲಿಂಗ್ ಎಂಬ ಕೋಟೆಯಿದೆ. ಅಮೆರಿಕ ಸರ್ಕಾರಕ್ಕೂ ಒಜಿಬ್ವೆಗಳಿಗೂ ಆ ವರ್ಷ ಅಲ್ಲಿ ಒಪ್ಪಂದವಾಯಿತು. ಪೈನ್ ಮರಗಳ ವಿಶಾಲ ನೆಲ ಸರ್ಕಾರಕ್ಕೆ ಹೋಯಿತು. ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಹಕ್ಕನ್ನು ಅವರು ಉಳಿಸಿಕೊಂಡರು. ಸರ್ಕಾರ ದಯಪಾಲಿಸಿದ್ದಲ್ಲ, ತಮ್ಮದನ್ನು ಮಾರುವಾಗ ಮಾರದೆ ಇಟ್ಟುಕೊಂಡದ್ದು. 1850ರಲ್ಲಿ ಅಧ್ಯಕ್ಷ ಟೇಲರ್ ಆ ಹಕ್ಕು ರದ್ದೆಂದೂ ಜನ ಜಾಗ ಖಾಲಿಮಾಡಬೇಕೆಂದೂ ಆಜ್ಞೆ ಹೊರಡಿಸಿದರು. ವರ್ಷಾಸನ ಕೊಡುವ ಜಾಗವನ್ನು ದೂರದ ಸ್ಯಾಂಡಿ ಲೇಕ್‌ಗೆ ಬದಲಿಸಿ ಜನರನ್ನು ಅಲ್ಲಿಗೆ ಬರಿಸಿದರು. ಚಳಿಗಾಲ ಶುರುವಾದರೂ ಹಣ ಬರಲಿಲ್ಲ, ಬಂದ ಆಹಾರ ಹಾಳಾಗಿತ್ತು. ಅಲ್ಲಿ ಮತ್ತು ಮರಳಿ ಬರುವ ದಾರಿಯಲ್ಲಿ ಸುಮಾರು 400 ಜನ ಸತ್ತರು. ಒಪ್ಪಂದದ ಹಕ್ಕು ಜೀವಂತವಾಗಿದೆ ಎಂದು 1983ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ವಿಸ್ಕಾನ್ಸಿನ್ ವಿಚಾರದಲ್ಲಿ ಹೇಳಿದ ಮೇಲೆ, ದೋಣಿ ಇಳಿಸುವ ಜಾಗಗಳಲ್ಲಿ ಗುಂಪುಗಳು ಸೇರಿ ಈಟಿ ಹಿಡಿದವರ ಮೇಲೆ ಕಲ್ಲು ತೂರಿದವು, ಬಾಯಿಗೆ ಬಂದಂತೆ ಬೈದವು. ಕೊನೆಗೆ 1999ರಲ್ಲಿ ಸುಪ್ರೀಂ ಕೋರ್ಟು ಮಿಲ್ ಲ್ಯಾಕ್ಸ್ ಒಜಿಬ್ವೆಗಳ ಪರವಾಗಿ 5–4ರ ತೀರ್ಪು ಕೊಟ್ಟಿತು.

ಈ ಚರಿತ್ರೆ ಓದಿ ತಿಳಿದದ್ದು. ಆದರೆ ಅಜ್ಜನಿಗೆ ನಾನು ಹೇಳಿದ್ದು ಓದಿದ್ದನ್ನಲ್ಲ, ಹತ್ತುಮೀನಿನ ರಾತ್ರಿಯನ್ನು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯುವಾಗ ಮೊಟ್ಟೆ ತುಂಬಿದ ಮೀನುಗಳು ಹೊಳೆ ಬಿಟ್ಟು ಗದ್ದೆಗೆ ಹತ್ತುತ್ತವೆ. ಆ ರಾತ್ರಿ ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು ಕತ್ತಿ ಹಿಡಿದು ಹೊರಡುತ್ತಿದ್ದರು. ಬ್ಯಾಟರಿ ಹಿಡಿಯುವುದು ನನ್ನ ಕೆಲಸ. ಕೆರೆಬೇಟೆಗೆ ಇಳಿಸದವರು ಇದಕ್ಕೆ ಮಾತ್ರ ಕರೆದೊಯ್ಯುತ್ತಿದ್ದರು. ಬೆಳಕು ಬಿದ್ದಲ್ಲಿ ನೀರು ಸೀಳಿಕೊಂಡು ಬೆನ್ನು ಕಾಣುತ್ತಿತ್ತು, ಕತ್ತಿ ಬೀಳುತ್ತಿತ್ತು. ಮನೆಯಲ್ಲಿ ಅವ್ವ ಆ ರಾತ್ರಿಯೇ ಮಸಾಲೆ ಅರೆಯುತ್ತಿದ್ದಳು. ಮಳೆಗಾಲದ ಮೊದಲ ಮೀನುಸಾರು ಎಂದರೆ ನಮಗೆ ಹಬ್ಬ, ವರ್ಷ ಶುರುವಾದದ್ದೇ ಅಲ್ಲಿಂದ.

ಅಜ್ಜ ಪೂರ್ತಿ ಕೇಳಿಸಿಕೊಂಡರು. “ಹಾಗಾದರೆ ನಿಮ್ಮ ಹಳ್ಳದಲ್ಲಿ ಈಗ ಮೀನಿದೆಯಾ?” ಎಂದರು.

ಕಡಿಮೆಯಾಗಿದೆ. ಹಾಗೆಂದೇ ಹೇಳಿದೆ. ಕತ್ತಿ ಹಿಡಿದ ನಾಲ್ಕು ಜನರಿಂದಲೋ, ಗದ್ದೆಗೆ ಬಿದ್ದ ಔಷಧಿಯಿಂದಲೋ, ಹಳ್ಳಕ್ಕೆ ಕಟ್ಟಿದ ಚೆಕ್ ಡ್ಯಾಮಿನಿಂದಲೋ ಎಂದು ಊರಲ್ಲಿ ಇನ್ನೂ ವಾದವಿದೆ ಎಂದೂ ಸೇರಿಸಿದೆ. ಇಲ್ಲಿಯದೂ ಇಂಥದೇ ವಾದ. 2005ರಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಪ್ಪುಜೀವಿ ಕಾಣಿಸಿಕೊಂಡಿತು. ಕಪ್ಪು ಸಮುದ್ರದ ಕಡೆಯಿಂದ ಹಡಗುಗಳ ನೀರಿನಲ್ಲಿ ಅಮೆರಿಕಕ್ಕೆ ಬಂದು, ಒಳನಾಡಿನ ಕೆರೆಗಳಿಗೆ ನಮ್ಮಂಥವರ ದೋಣಿಗಳಿಗೆ ಅಂಟಿಕೊಂಡು ಹರಡುವಂಥದ್ದು. ಅದು ನೀರನ್ನು ಸೋಸಿ ಸೋಸಿ ತಿಳಿ ಮಾಡುತ್ತದೆ. ನೋಡುವವರಿಗೆ ತಿಳಿನೀರು ಚೆಂದ, ಮಬ್ಬಿನಲ್ಲಿ ಬದುಕುವ ವಾಲೈಗೆ ಅದು ಮನೆಯ ಚಾವಣಿ ಹಾರಿಹೋದಂತೆ. ಬಾಸ್ ಮಾತ್ರ ಚೆನ್ನಾಗಿ ಬೆಳೆಯಿತು. ವಾಲೈ ಎಷ್ಟು ಇಳಿಯಿತೆಂದರೆ 2016ರಲ್ಲಿ ಗಾಳದವರು ಸಿಕ್ಕಿದ್ದನ್ನೆಲ್ಲ ಬಿಡಬೇಕೆಂದು ನಿಯಮವಾಯಿತು. ಬಿಟ್ಟದ್ದೆಲ್ಲ ಬದುಕುವುದಿಲ್ಲ, ಬಿಸಿಲುಗಾಲದ ಬೆಚ್ಚಗಿನ ನೀರಿನಲ್ಲಂತೂ ಸಾಯುವುದು ಹೆಚ್ಚು. ಹಾಗೆ ಸಾಯುವವನ್ನೂ ಅಂದಾಜು ಮಾಡಿ ಗಾಳದವರ ಪಾಲಿಗೇ ಬರೆಯುತ್ತಾರೆ. ಈಟಿಗೆ ಸಿಕ್ಕ ಮೀನು ಲೆಕ್ಕದಲ್ಲೂ ಕಾಣುತ್ತದೆ, ಊಟದಲ್ಲೂ ಕಾಣುತ್ತದೆ. ನಾವು ಬಿಟ್ಟು ಸತ್ತ ಮೀನು ಯಾರ ಬಾಣಲೆಗೂ ಬರುವುದಿಲ್ಲ. ಅಪ್ಪಯ್ಯನ “ಎಂತಕ್ಕೆ?” ಇಲ್ಲಿ ಬಂದು ಕೂರುತ್ತದೆ.

ಒಂದು ಏಪ್ರಿಲ್ ರಾತ್ರಿ ವಿಸ್ಕಾನ್ಸಿನ್‌ನ ಒಂದು ಕೆರೆಯ ದಡಕ್ಕೆ ಹೋಗಿ ದೂರ ನಿಂತು ನೋಡಿದೆ. ಅಜ್ಜ ಬರಲಿಲ್ಲ. ಒಬ್ಬ ಹುಡುಗ, ಹೈಸ್ಕೂಲು ವಯಸ್ಸಿನವನು, ದೋಣಿಯ ಮುಂಭಾಗದಲ್ಲಿ ಈಟಿ ಹಿಡಿದು ನಿಂತಿದ್ದ. ಹಿಂದೆ ಹೆಂಗಸೊಬ್ಬಳು ಮೋಟರು ಹಿಡಿದಿದ್ದಳು, ತಾಯಿಯಿರಬೇಕು. ದಡಕ್ಕೆ ಬಂದಾಗ ಗುಮಾಸ್ತರೊಬ್ಬರು ಒಂದೊಂದೇ ಮೀನನ್ನು ಎಣಿಸಿ, ಅಳೆದು, ಗಂಡೋ ಹೆಣ್ಣೋ ನೋಡಿ ಪುಸ್ತಕಕ್ಕೆ ಬರೆದುಕೊಂಡರು. ಹೆಚ್ಚಿನವು ಗಂಡು.

ಅದನ್ನು ಅಜ್ಜನಿಗೆ ಹೇಳಿದೆ. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಒಂದು ಬೇಸಿಗೆ ನಾವು ಒಟ್ಟಿಗೆ ದೋಣಿ ಹತ್ತಲಿಲ್ಲ. ಆ ವರ್ಷವೇ ಅಪ್ಪಯ್ಯ ಇಲ್ಲಿಗೆ ಬಂದಿದ್ದು. ಮೀನಿನ ಮೇಲೆ ಅಳತೆಪಟ್ಟಿ ಇಡುವುದನ್ನೂ, ಪರವಾನಗಿ ಚೀಟಿಯನ್ನೂ, ದಪ್ಪನೆಯ ನಿಯಮದ ಪುಸ್ತಿಕೆಯನ್ನೂ ನೋಡಿ, “ನಮ್ಮಲ್ಲಿ ಕೆರೆಬೇಟೆಗೆ ದಿನ ಗೊತ್ತು ಮಾಡೋಕೆ ಊರವರೆಲ್ಲ ಕೂರ್ತಿದ್ರು. ಇಲ್ಲಿ ಯಾರ್‍ಯಾರು ಕೂರ್ತಾರೆ?” ಎಂದರು. ಬೇಲಿಯಾಚೆ ನಿಂತಿದ್ದ ಅಜ್ಜನಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಇಬ್ಬರೂ ಕೂರುತ್ತಾರೆ. ಮೊದಲು ಒಬ್ಬರೇ ಕೂರುತ್ತಿದ್ದರು” ಎಂದರು. ಅವರು ಹೇಳಿದ್ದು ನಿಜ. ಈಗ ರಾಜ್ಯದವರೂ ಒಜಿಬ್ವೆಗಳ ಎಂಟು ಪಂಗಡದವರೂ ಸೇರಿ ಆ ವರ್ಷ ಮಿಲ್ ಲ್ಯಾಕ್ಸ್‌ನಿಂದ ಎಷ್ಟು ವಾಲೈ ತೆಗೆಯಬಹುದೆಂದು ಮೊದಲೇ ಗೊತ್ತು ಮಾಡಿ ಹಂಚಿಕೊಳ್ಳುತ್ತಾರೆ. ಅಜ್ಜ ಹೇಳಿದ ದನಿಯಲ್ಲಿ ಅದು ದೂರೋ ಒಪ್ಪಿಗೆಯೋ ನನಗೆ ಗೊತ್ತಾಗಲಿಲ್ಲ. ಮರುದಿನ ಮೂವರೂ ಮೀನಿಗೆ ಹೋದೆವು.

ಈಗ ಅಜ್ಜನಿಗೆ ಎಂಬತ್ತು ದಾಟಿದೆ. ಬೆರಳು ನಡುಗುವುದರಿಂದ ಗಂಟು ನಾನೇ ಹಾಕಿಕೊಡುತ್ತೇನೆ. ಮಸ್ಕಿಗೆ ನಾನು ಚಳಿಗಾಲದ ಮುಂಚಿನ ತಣ್ಣೀರಿನಲ್ಲಿ ಮಾತ್ರ ಹೋಗುತ್ತೇನೆ. ವಾಲೈ ಊಟಕ್ಕೆ ಬೇಕಾದಷ್ಟು ಸಿಕ್ಕಿದ್ದೇ ಕೋಲು ಮಡಚುತ್ತೇನೆ. ಹಿಡಿದು ಬಿಡುವ ಆಟವನ್ನು ಅದಕ್ಕಿಂತ ಉದ್ದ ಎಳೆಯುವ ಮನಸ್ಸಿಲ್ಲ. ಪ್ರತಿ ವಸಂತದಲ್ಲೂ ಅಜ್ಜ ಬೇಲಿಯ ಬಳಿ ಬಂದು, “ಈ ಸಲ ಅವರಿಗೆಷ್ಟು, ನಮಗೆಷ್ಟು?” ಎಂದು ಕೇಳುತ್ತಾರೆ. ಮಗಳು ಸಂಖ್ಯೆ ಹುಡುಕಿ ಓದುತ್ತಾಳೆ. ಅವರು ಗೊಣಗುತ್ತಾರೆ, ಆಮೇಲೆ ಜಿಗಣೆ ತಂದಾಯಿತೇ ಎಂದು ವಿಚಾರಿಸುತ್ತಾರೆ.